ಚಂದ್ರವಳ್ಳಿಯಲ್ಲಿ ಎಲ್ಲರೂ ಕಾಯುತ್ತಿದ್ದರು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಹೊಳಲ್ಕೆರೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟು, ಕಿವಿಯ ಹತ್ತಿರ ಬಿಳಿ ಕೂದಲು ಕಾಣಿಸಿಕೊಂಡ ಮೇಲೆ ಮತ್ತೆ ಪುಸ್ತಕ ಹಿಡಿದೆ. ಆಗ ಬಿ.ಎ. ಮೊದಲ ವರ್ಷ, ಮನೆಯಲ್ಲೇ ಓದಿ ಪರೀಕ್ಷೆ ಕಟ್ಟುವುದು. ಭಾನುವಾರ ಮಾತ್ರ ಚಿತ್ರದುರ್ಗದಲ್ಲಿ ಕ್ಲಾಸು.

ಆ ಭಾನುವಾರ ಕನ್ನಡ ಮೇಡಂ ನಮ್ಮನ್ನೆಲ್ಲ ಊರಂಚಿನ ಚಂದ್ರವಳ್ಳಿ ಕೆರೆಗೆ ಕರೆದುಕೊಂಡು ಹೋದರು. ವಯಸ್ಸಿನಲ್ಲಿ ಮೇಡಂ ನನಗಿಂತ ಚಿಕ್ಕವರು, ಆದರೆ ಪಾಠಕ್ಕೆ ನಿಂತರೆ ನಾವೆಲ್ಲ ಮಕ್ಕಳೇ.

"ಕಥೇಲಿ ಜಾಗ ಅನ್ನೋದು ಸುಮ್ನೆ ಬಿದ್ದಿರಲ್ಲ. ಅಲ್ಲಿರೋರ ಮನಸ್ಸು ಅದಕ್ಕೆ ಅಂಟಿಕೊಂಡಿರುತ್ತೆ. ಕೆರೆ ದಂಡೇಲಿ ಎಲ್ಲಾದ್ರೂ ಕೂತ್ಕೊಂಡು, ಕಂಡಿದ್ದು ಬರೀರಿ. ಖುಷಿ, ದುಃಖ, ಭಯ ಅಂತ ಭಾವನೆ ಹೆಸರು ಮಾತ್ರ ಬರೀಬೇಡಿ" ಎಂದರು.

ನನಗೆ ಬರೆಯುವ ಸ್ಥಿತಿಯೇ ಇರಲಿಲ್ಲ. ಹಿಂದಿನ ವಾರ ಹೊಸದುರ್ಗದ ಆಚೆ, ಮಾಡದಕೆರೆಗೆ ಹೆಣ್ಣು ನೋಡಲು ಹೋಗಿದ್ದೆ. ಆಕೆ ಅಂಗನವಾಡಿ ಟೀಚರ್. ಅದಕ್ಕೆ ಮುಂಚೆ ನೋಡಿದ ಮನೆಗಳಲ್ಲೆಲ್ಲ ಹುಡುಗನಿಗೆ ವಯಸ್ಸಾಯ್ತು ಅಂದಿದ್ದರು. ನನಗೇನೂ ಅನ್ನಿಸಿರಲಿಲ್ಲ. ಈಕೆ ಮಾತ್ರ ಟೀ ಲೋಟ ಕೊಡುತ್ತಾ, "ಈಗ ಯಾವ ಪಾಠ ನಡೀತೈತ್ರಿ?" ಎಂದು ನೇರವಾಗಿ ಕೇಳಿದಳು. ಆ ಒಂದು ಪ್ರಶ್ನೆಗೇ ನಾನು ಸೋತುಹೋದೆ. ಭಾನುವಾರ ಫೋನ್ ಮಾಡಿ ತಿಳಿಸುತ್ತೇವೆ ಎಂದಿದ್ದರು ಅವರಪ್ಪ. ಅದೇ ಈ ಭಾನುವಾರ.

ಬಂಡೆಗಳ ನಡುವೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಮೊಬೈಲ್ ಎತ್ತಿ ಹಿಡಿದು ಸುತ್ತಾಡಿ, ಸಿಕ್ಕ ಕಡೆ ಕೂತೆ. "ಪ್ರಕೃತಿ ಮಾತೆಯ ಮಡಿಲಲ್ಲಿ" ಎಂದು ಶುರು ಮಾಡಿದವನು ಅದನ್ನು ಹೊಡೆದುಹಾಕಿದೆ. ಮೇಡಂ ಹೇಳಿದಂತೆ ಕಂಡಿದ್ದನ್ನೇ ಬರೆದೆ. ಓದುವ ಸರದಿ ಬಂದಾಗ ಎದ್ದು ನಿಂತು ಓದಿದೆ:

"ಗಾಳಿ ಬಿದ್ದುಹೋಗಿದೆ. ಕೆರೆಯ ನೀರು ಉಸಿರು ಬಿಗಿಹಿಡಿದಿದೆ. ಒಂದು ಬೆಳ್ಳಕ್ಕಿ ಒಂಟಿ ಕಾಲಲ್ಲಿ ನಿಂತಿದೆ. ಇನ್ನೊಂದು ಕಾಲನ್ನು ಎಲ್ಲಿಡಬೇಕೆಂದು ಅದಕ್ಕೆ ಯಾರೂ ಹೇಳಿಲ್ಲ. ಶೇಂಗಾ ತಿನ್ನುವವನ ಮುಂದೆ ಮಂಗ ಕೈ ಚಾಚಿ ಕೂತಿದೆ. ಅವನು ಕೊಡುತ್ತಾನೋ ಇಲ್ಲವೋ. ಬಂಡೆಯ ತುದಿಯಲ್ಲಿ ಇನ್ನೊಂದು ಬಂಡೆ, ಈಗ ಬೀಳಲೋ ಆಮೇಲೆ ಬೀಳಲೋ ಎನ್ನುವಂತಿದೆ."

ನಮ್ಮ ಕ್ಲಾಸಿನಲ್ಲಿ ತಾಳ್ಯದಿಂದ ಬರುವ ಒಬ್ಬ ಅಕ್ಕ ಇದ್ದಳು. ಹೊಲದ ಕೆಲಸ ಮಾಡಿಕೊಂಡೇ ಓದುವವಳು. ಅವಳು ಬಾಯಿಗೆ ಸೆರಗು ಹಿಡಿದು ನಗತೊಡಗಿದಳು.

"ಲೇ ತಮ್ಮ, ಯಾರ ದಾರಿ ಕಾಯ್ತಿದೀಯೋ?"

"ಇಲ್ಲಕ್ಕ, ಸುಮ್ನೆ ಕಂಡಿದ್ದು ಬರ್ದೆ."

"ಸುಮ್ನೆ ಅಂತೆ! ಹಕ್ಕಿ ಕಾಯ್ತೈತೆ, ಮಂಗ ಕಾಯ್ತೈತೆ, ಪಾಪ ಆ ಬಂಡೆಗೂ ನಿದ್ದಿ ಇಲ್ಲ. ನಾನೂ ಇಲ್ಲೇ ಕುಂತಿದ್ನಲ್ಲ, ನಂಗೆ ನೀರು ಕಂಡು ಮನೇಲಿರೋ ಬಟ್ಟೆ ರಾಶಿ ನೆಪ್ಪಾತು. ಹೆಣ್ಣು ನೋಡ್ಕಂಡು ಬಂದೀಯ, ಹೌದಿಲ್ಲೋ?"

ನನ್ನ ಕಿವಿ ಬಿಸಿಯಾಯಿತು. ಹೌದು ಎಂದೆ. ಎಲ್ಲರೂ ಹೋ ಎಂದರು. "ನೋಡಿ, ಕಾಯೋದು ಅಂತ ಎಲ್ಲೂ ಬರೆದಿಲ್ಲ, ಆದ್ರೂ ಎಲ್ಲರಿಗೂ ಗೊತ್ತಾಯ್ತು" ಎಂದರು ಮೇಡಂ. ನಾನು ಬರೆದದ್ದನ್ನು ನಾನೇ ಮತ್ತೆ ಓದಿಕೊಂಡೆ. ನನ್ನ ಎದೆಯೊಳಗಿದ್ದದ್ದೆಲ್ಲ ಆ ಕೆರೆಯ ಸುತ್ತ ಹರಡಿಕೊಂಡಿತ್ತು!

ಅಷ್ಟರಲ್ಲಿ ಫೋನ್ ಬಂತು. ಗೊತ್ತಿಲ್ಲದ ನಂಬರು. ಅವರಪ್ಪನಲ್ಲ, ಆಕೆಯೇ.

"ಅಪ್ಪ ಮಾಡ್ತೀನಿ ಅಂದ್ರು. ನಾನೇ ಒಂದು ಮಾತು ಕೇಳೋದೈತೆ ಅಂದೆ. ನಾನು ಪಿಯುಸಿಗೆ ನಿಲ್ಸಿದೋಳು. ಮದ್ವೆ ಆದ್ಮೇಲೆ ನಾನೂ ಬಿ.ಎ. ಕಟ್ತೀನಿ ಅಂದ್ರೆ ಏನಂತೀರಿ?"

"ಕಟ್ರಿ. ಭಾನುವಾರ ಇಬ್ರೂ ಒಂದೇ ಬಸ್ಸಿಗೆ ಬರಾಣ."

ಅವಸರ ಮಾಡಿದೆನೇನೋ ಎಂದು ನಾಲಿಗೆ ಕಚ್ಚಿಕೊಂಡೆ. ಆಕೆಯೋ ಬೇರೆಯೇ ಕೇಳಿದಳು.

"ಈಗ ಎಲ್ಲಿದೀರಿ?"

"ಚಂದ್ರವಳ್ಳೀಲಿ."

"ಹೆಂಗೈತೆ ಅಲ್ಲಿ?"

ತಲೆ ಎತ್ತಿ ನೋಡಿದೆ. "ಬಿಸಿಲು ನೀರಿನ ಮ್ಯಾಲೆ ಕುಣೀತೈತ್ರಿ. ಬಂಡೆಗಳೆಲ್ಲ ಒಂದಕ್ಕೊಂದು ಒರಗ್ಕಂಡು ಹಾಯಾಗಿ ಕುಂತಾವೆ. ಬೇವಿನ ಹೂವಿನ ವಾಸ್ನೆ ಬರ್ತೈತೆ." ಸುಳ್ಳು ಹೇಳಲಿಲ್ಲ, ಆ ವಾಸನೆ ನನಗೆ ಆಗಲೇ ಮೊದಲು ಬಂದದ್ದು.

ಆಕೆ ನಕ್ಕಳು. "ನಾನೂ ನೋಡೀನಿ. ಅಲ್ಲಿ ಬರೀ ಕಲ್ಲು, ಮಂಗ ಅಲ್ವೇನ್ರಿ ಇರೋದು? ನಿಮ್ ಕೂಡೆ ಇನ್ನೊಂದ್ಸಲ ಬಂದು ನೋಡ್ಬೇಕು ಹಂಗಾದ್ರೆ. ತಡೀರಿ, ಅಪ್ಪಂಗೆ ಕೊಡ್ತೀನಿ. ಮಾತುಕತೆಗೆ ಯಾವತ್ತು ಬರ್ತೀರಿ ಹೇಳ್ರಿ."

"ಏನಂತೆ? ಏನಂತೆ?" ಎಂದು ಅಕ್ಕ ನನ್ನ ತೋಳು ಜಗ್ಗುತ್ತಿದ್ದಳು. ಆ ಕಡೆಯಿಂದ ಹಲೋ ಎಂದು ಗಂಭೀರವಾದ ಗಂಡು ದನಿ ಬಂತು.

"ಬುಧವಾರ ಬರ್ತೀವಿ ಮಾವ" ಎಂದುಬಿಟ್ಟೆ.

ಮಾವ ಎಂದದ್ದು ಕೇಳಿ ಅಕ್ಕ ಕೆರೆಯೆಲ್ಲ ಮೊಳಗುವ ಹಾಗೆ ಚಪ್ಪಾಳೆ ಹೊಡೆದಳು.