ಛತ್ತು ಯಾರು ನೋಡುತ್ತಾರೆ?

ಮುಂಡಗೋಡದ ಬುದ್ಧನ ಗುಡಿಯಲ್ಲಿ ನನಗೆ ಭಕ್ತಿ ಉಕ್ಕಿ ಕಣ್ಣೀರು ಬಂತೆಂದು ಸೊಸೆ ಶೋಭಾ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳು. ಮೇಲೆ ನೋಡಿ ನೋಡಿ ಕುತ್ತಿಗೆ ಹಿಡಿದಿತ್ತು. ಕುತ್ತಿಗೆ ಹಿಡಿದರೆ ಎಂಥವರ ಕಣ್ಣಲ್ಲೂ ನೀರು ಬರುತ್ತದೆ. ಅದಕ್ಕೆ ಬುದ್ಧನೇ ಬೇಕೆಂದಿಲ್ಲ.

ನಾವು ಹೋದದ್ದು ತಂಗಿಯ ಮೊಮ್ಮಗಳ ಮದುವೆಗೆ. ಊಟವಾದ ಮೇಲೆ, ಗೋವೆಗೆ ಮರಳುವ ಮೊದಲು ಟಿಬೆಟಿನವರ ಗುಡಿ ನೋಡಿಯೇ ಹೋಗೋಣ ಎಂದು ಮಗ ಬಸು ಹಟ ಹಿಡಿದ. ಹೋಳಿಗೆ ಉಂಡ ಹೊಟ್ಟೆಗೆ ಒಂದಿಷ್ಟು ನೆರಳು ಸಿಕ್ಕರೆ ಸಾಕಿತ್ತು. ಒಪ್ಪಿದೆ.

ಒಳಗೆ ಕಾಲಿಟ್ಟರೆ ಬರಿಗೋಡೆ ಎಂಬುದೇ ಇಲ್ಲ. ಕೆಂಪಿನ ಪಕ್ಕ ಹಸಿರು, ಹಸಿರಿನ ಪಕ್ಕ ನೀಲಿ, ಸುತ್ತಲೂ ಬಂಗಾರದ ಗೆರೆ. ಇಷ್ಟೂ ಬಣ್ಣವನ್ನು ಒಂದೇ ಕುಪ್ಪಸಕ್ಕೆ ಹೊಲಿ ಎಂದಿದ್ದರೆ ನಮ್ಮ ಓಣಿಯ ದರ್ಜಿ ನನ್ನ ತಲೆ ನೆಟ್ಟಗಿದೆಯೇ ಎಂದು ಕೇಳುತ್ತಿದ್ದ. ಇಲ್ಲಿ ಅವು ಜಗಳವಿಲ್ಲದೆ ಕುಳಿತಿದ್ದವು. ಮೋಡಗಳನ್ನು ಜಿಲೇಬಿ ಹಾಗೆ ಸುತ್ತಿದ್ದರು. ಕಂಬಕ್ಕೆ ತೆಕ್ಕೆಬಿದ್ದ ಹಾವಿಗೆ ಕಾಲುಗಳಿದ್ದವು, ಮೀಸೆಯೂ ಇತ್ತು. ಅಷ್ಟು ಗತ್ತಿನ ಮೀಸೆ ನನ್ನ ಗಂಡನಿಗೂ ಇರಲಿಲ್ಲ.

ಆಮೇಲೆ ತಲೆಯ ಮೇಲಿನ ಛತ್ತು. ತೊಲೆಯ ಅಡಿಗೆ, ಮೂಲೆಗೆ, ಜೇಡ ಕೂಡ ಹೋಗಲು ಬೇಸರಪಡುವ ಸಂದಿಗೆ, ಎಲ್ಲ ಕಡೆ ಹೂ ಬರೆದಿದ್ದರು. ನಾನು ಗೋವೆಯ ಎಷ್ಟೋ ಬಂಗಲೆಗಳಿಗೆ ಗಾರೆ ಹೊತ್ತವಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ. ಬುಟ್ಟಿ ಹೊತ್ತವಳು ಮೇಲೆ ನೋಡಿದರೆ ಗಾರೆ ಬೆನ್ನಿಗೆ, ಬೈಗುಳ ಕಿವಿಗೆ. ಹೀಗಾಗಿ ಆ ಮನೆಗಳ ನೆಲವೆಲ್ಲ ನನಗೆ ಗೊತ್ತು, ಒಂದರ ಛತ್ತೂ ಗೊತ್ತಿಲ್ಲ.

ಪಕ್ಕದಲ್ಲಿ ಕೆಂಪು ಬಟ್ಟೆಯ ಲಾಮಾ ಒಬ್ಬ ದೀಪಕ್ಕೆ ಎಣ್ಣೆ ಹಾಕುತ್ತಿದ್ದ.

“ಅಷ್ಟು ಮ್ಯಾಲ ಯಾರು ನೋಡ್ತಾರ್ರಿ, ಸ್ವಾಮಿ?” ಎಂದೆ.

ಕುತ್ತಿಗೆ ತಿಕ್ಕಿಕೊಳ್ಳುತ್ತಿದ್ದ ನನ್ನನ್ನು ನೋಡಿ ನಕ್ಕ. “ನೀವು ನೋಡಾಕತ್ತೀರಲ್ಲ, ಅಜ್ಜಿ.”

ಮುಂಡಗೋಡದಲ್ಲೇ ಬೆಳೆದವನಿರಬೇಕು, ಕನ್ನಡ ನನ್ನ ಮೊಮ್ಮಕ್ಕಳಿಗಿಂತ ಚಲೋ ಇತ್ತು.

ಆ ಮಾತು ಬಸ್ಸಿನಲ್ಲೂ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಗೋವೆಯ ಝುವಾರಿನಗರದ ನಮ್ಮ ಓಣಿಯವರು ಸೇರಿ ದುರ್ಗವ್ವನಿಗೊಂದು ಗುಡಿ ಕಟ್ಟಿದ್ದೇವೆ. ಬಸು ಗಾರೆ ಕೆಲಸದ ಗೌಂಡಿ, ಕಟ್ಟಿದ್ದೆಲ್ಲ ಅವನೇ. ಗೋಡೆಗೆ ಬಣ್ಣವಾಗಿತ್ತು. ಛತ್ತನ್ನು ಮಾತ್ರ ಬರೀ ಸಿಮೆಂಟಿನಲ್ಲೇ ಬಿಟ್ಟಿದ್ದರು. ಅದಕ್ಕೂ ಬಣ್ಣ ಬೇಕು ಎಂದು ಬಸ್ಸಿನಲ್ಲೇ ಅವನಿಗೆ ಹೇಳಿದೆ.

“ನಾಳೆ ಅಟ್ಟಣಿಗಿ ಬಿಚ್ಚಿ ಕುಂಡಯಿ ಊರಿನ ಕೆಲಸಕ್ಕ ಒಯ್ಯಬೇಕು, ಯವ್ವಾ. ಜನ ದೇವಿ ಮುಖ ನೋಡ್ತಾರ. ಛತ್ತು ಯಾರು ನೋಡ್ತಾರ?”

“ಜನರ ಮಾತು ಬಿಡು. ದೇವಿ ಏನು ನೋಡಬೇಕು? ಹಗಲೂ ರಾತ್ರಿ ಅದರ ಕೆಳಗ ಕುಂದ್ರಾಕಿ ಆಕಿ.”

ಅತ್ತೆ ಲಾಮಾ ಆದರು ಎಂದು ಶೋಭಾ ನಕ್ಕಳು. ಬಸು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದ. ಇವನ ಕಳ್ಳನಿದ್ದೆ ತೊಟ್ಟಿಲಿನಿಂದಲೂ ನೋಡಿದ್ದೇನೆ.

ಬಣ್ಣಕ್ಕೇನು ಬರವಿರಲಿಲ್ಲ. ಗೋವೆಯವರ ಮನೆಗಳಿಗೆ ಹಚ್ಚಿ ಉಳಿದ ನೀಲಿ, ಹಳದಿ, ಕೆಂಪಿನ ಡಬ್ಬಿಗಳು ನಮ್ಮ ಓಣಿಯ ಮಂಚಗಳ ಕೆಳಗೆಲ್ಲ ಬಿದ್ದಿರುತ್ತವೆ. ಚಿತ್ರವೂ ಕಲಿಯಬೇಕಿರಲಿಲ್ಲ. ಬಗ್ಗಿ ಹಾಕುವ ರಂಗೋಲಿಯನ್ನು ಮಲಗಿ ಹಾಕಿದರಾಯಿತು.

ಮರುದಿನ ಬೆಳಿಗ್ಗೆ ಬಸು ಹಗ್ಗ ಬಿಚ್ಚಲು ಬರುವಷ್ಟರಲ್ಲಿ ನಾನು ಅಟ್ಟಣಿಗೆ ಏರಿ, ಹಲಗೆಯ ಮೇಲೆ ಅಂಗಾತ ಮಲಗಿ, ಹಳದಿಯಲ್ಲಿ ಒಂದು ಪದ್ಮ ಬರೆದಿದ್ದೆ. ಹನಿಯೆಲ್ಲ ನನ್ನ ಮುಖದ ಮೇಲೆ. ಅವನು ಬೈದ, ಕೈ ಮುಗಿದ, ಬಿದ್ದರೆ ಯಾರು ನೋಡಿಕೊಳ್ಳಬೇಕು ಎಂದ. ನಾನು ನೀಲಿ ಡಬ್ಬಿ ಕೇಳಿದೆ. ಕೊನೆಗೆ ಕುಂಡಯಿಗೆ ಫೋನು ಮಾಡಿ ಏನೋ ನೆಪ ಹೇಳಿ, ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಏಣಿ ಹತ್ತಿದ. ಕಣ್ಣು ಮೆಟ್ಟಿಲ ಮೇಲೆ, ಕುತ್ತಿಗೆ ಕಂಬದ ಹಾಗೆ ನೆಟ್ಟಗೆ.

ಡಬ್ಬಿ ಇಳಿಸಿಕೊಂಡೆ.

“ಹ್ಞಾಂ, ಈಗ ಮ್ಯಾಲ ನೋಡು,” ಎಂದೆ.