ಸುಲ್ಮಾಳ ಎರಡನೆಯ ಪರೀಕ್ಷೆ

ಪೈಸಂದೂ ಊರಿನ ಸುಲ್ಮಾ ನಾಳೆ ಸಾಫ್ಟ್‌ವೇರ್ ಪ್ರಮಾಣಪತ್ರದ ಪರೀಕ್ಷೆಗೆ ಎರಡನೆಯ ಸಲ ಕೂರಬೇಕು. ಈ ಸಲವೂ ತಪ್ಪಿದರೆ, ನಲವತ್ತಾರನೆಯ ವಯಸ್ಸಿನಲ್ಲಿ ಸಿಕ್ಕ ಕೆಲಸ ಉಳಿಯದು. ಹಿಂದಿನ ಸಲ ಉತ್ತರಗಳಿಗೇನೂ ಕೊರತೆಯಿರಲಿಲ್ಲ. ಮನೆಯಲ್ಲೇ ಕ್ಯಾಮೆರಾದ ಮುಂದೆ ಬರೆಯುತ್ತಿದ್ದಾಗ ತಮ್ಮ ವಿಲ್ಮಾರ್ ರೂಢಿಯಂತೆ ಇಬ್ಬರೂ ಸರದಿಯಲ್ಲಿ ಹೀರುವ ಯೆರ್ಬಾ ಎಲೆಯ ಕಷಾಯದ ಸೋರೆಬುರುಡೆಯನ್ನು ಪಕ್ಕದಿಂದ ಚಾಚಿದ; ಅವಳ ಕೈಯೂ ರೂಢಿಯಂತೆ ತೆಗೆದುಕೊಂಡಿತು. ಕೋಣೆಯಲ್ಲಿ ಇನ್ನೊಬ್ಬರಿದ್ದಾರೆಂದು ಕ್ಯಾಮೆರಾದಲ್ಲಿ ನೋಡುತ್ತಿದ್ದ ಮೇಲ್ವಿಚಾರಕರು ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದರು.

ಮೂರು ವಾರದಿಂದ ಅದೇ ಪಾಠಗಳನ್ನು ಓದಿ ಅವಳ ಕಣ್ಣುಗಳು ಸೋತಿದ್ದವು. ಇಂದು ಬೆಳಿಗ್ಗೆ ಅಭ್ಯಾಸದ ಪ್ರಶ್ನೆಗಳನ್ನು ಬಿಡಿಸುತ್ತಿದ್ದಾಗ ವಿಲ್ಮಾರ್ ಬೇಕೆಂದೇ ಬುರುಡೆ ಚಾಚಿದ. ಕೈ ಮತ್ತೆ ಮುಂದೆ ಹೋಯಿತು.

"ಅಯ್ಯೋ ಅಕ್ಕಾ, ಮತ್ತೆ ಫೇಲಾದ್ಯಲ್ಲೇ!" ಎಂದು ಅವನು ನಕ್ಕ.

ಸುಲ್ಮಾ ಕಷಾಯವನ್ನು ಪೂರ್ತಿ ಹೀರಿ ಬುರುಡೆಯನ್ನು ಹಿಂದಿರುಗಿಸಿದಳು.

"ಪಾಠ ಎಲ್ಲಾ ಬರತ್ತೆ ಕಣೋ. ನಿಂಗೆ ಬೇಡ ಅನ್ನೋದೊಂದು ನಂಗೆ ಬರಲ್ಲ. ನಾಳೆ ಬುರುಡೆ, ಬಿಸಿನೀರಿನ ಫ್ಲಾಸ್ಕು ಎಲ್ಲಾ ತಗೊಂಡು ದೊಡ್ಡಮ್ಮನ ಮನೆಗೆ ಹೋಗ್ಬಿಡು. ಹೋಗೋವಾಗ ಹೊರಗಿಂದ ಬೀಗ ಹಾಕು, ಇಲ್ದಿದ್ರೆ ನಾನೇ ನಿನ್ನ ಹಿಂದೆ ಬಂದ್ಬಿಡ್ತೀನಿ."