ನಾಯಕಿಯ ಹಿಂದೆ ನಿಲ್ಲುವವರ ಗುಂಪಿನಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸ್ಟುಡಿಯೊ ಎದುರಿನ ಬಸ್ ತಂಗುದಾಣದಲ್ಲಿ ಗುಂಪಿನಕ್ಕ ಬಟ್ಟೆಯ ಚೀಲ ಬಿಚ್ಚಿಕೊಂಡು ಕೂತಿದ್ದಾರೆ. ಒಬ್ಬೊಬ್ಬರಾಗಿ ಬಂದವರ ಕಾಲರ್ ಎಳೆದು ಸರಿಮಾಡುತ್ತಾರೆ, ಸಡಿಲವಾದ ಕೋಟಿಗೆ ಬೆನ್ನ ಹಿಂದೆ ಪಿನ್ನು ಹಾಕುತ್ತಾರೆ. "ಅಲ್ಲಾಡಬೇಡಿ ಮಾವ, ಚುಚ್ಕೊಂಡ್ರೆ ಮದುವೆ ಸೀನಲ್ಲಿ ಮೊದ್ಲು ನೀವೇ ಕುಣೀಬೇಕಾಗತ್ತೆ," ಎಂದಾಗ ಆ ಹಿರಿಯರು ನಗು ತಡೆಯಲಾಗದೆ ಅಲ್ಲಾಡಿಯೇಬಿಡುತ್ತಾರೆ.

ಟೀವಿ ಧಾರಾವಾಹಿಗಳಲ್ಲಿ ನಾಯಕಿ ಅಳುತ್ತಿರುವಾಗ ಹಿಂದೆ ಓಡಾಡುವ ಜನರನ್ನು ಕಲೆಹಾಕಿ ತರುವುದು ಇವರ ಕೆಲಸ. ಆಸ್ಪತ್ರೆಗಿಷ್ಟು ಮಂದಿ, ಕೋರ್ಟಿಗಿಷ್ಟು ಮಂದಿ. ಆ ಮುಖಗಳು ಯಾರಿಗೂ ನೆನಪಿರುವುದಿಲ್ಲ. ಕರೆತಂದವರ ಹೆಸರಂತೂ ಪರದೆಯ ಮೇಲೆ ಬರುವುದೇ ಇಲ್ಲ.

ಮೊದಲು ಇವರೂ ಆ ಗುಂಪಿನಲ್ಲೇ ನಿಂತವರು. ಮೈಬಣ್ಣ ಕಪ್ಪು ಎಂಬ ಒಂದೇ ಕಾರಣಕ್ಕೆ ವರ್ಷಗಟ್ಟಲೆ ಮನೆಗೆಲಸದವಳ ಪಾತ್ರ. "ಮಗಳು ಒಂದಿನ ಟೀವಿ ನೋಡ್ತಾ ಕೇಳಿದ್ಲು, 'ಅಮ್ಮ, ನೀನು ಯಾವಾಗ್ಲೂ ಬಾಗಿಲು ತೆಗೀತಾನೇ ಇರ್ತೀಯಲ್ಲ, ಸೋಫಾ ಮೇಲೆ ಕೂರೋದೇ ಇಲ್ವಾ' ಅಂತ. ಕೈಲಿದ್ದ ತುತ್ತು ಬಾಯಿಗೆ ಹೋಗ್ಲಿಲ್ಲ."

ಗುಂಪು ಕಟ್ಟುವ ಕೆಲಸ ತಮ್ಮ ಕೈಗೆ ಬಂದಾಗ ಅವರು ಕಪ್ಪಗಿದ್ದ ಹೆಂಗಸರಿಗೆ ವಕೀಲರ ಕೋಟು ತೊಡಿಸತೊಡಗಿದರು. ಕೆಲವು ನಿರ್ದೇಶಕರು ಕಂಡೂ ಕಾಣದಂತಿದ್ದರು. ಕೆಲವರು ಆ ಹೆಂಗಸರನ್ನು ಹಿಂದಕ್ಕೆ ಸರಿಸಿದರು. ಆಮೇಲೊಂದು ದಿನ, ಆಸ್ಪತ್ರೆಯ ದೃಶ್ಯಕ್ಕೆ, ಊರುಗೋಲು ಹಿಡಿದು ನಡೆಯುವ ಗಡಿಯಾರ ರಿಪೇರಿಯವರೊಬ್ಬರಿಗೆ ಬಿಳಿ ಕೋಟು ಹಾಕಿಸಿ ನಿಲ್ಲಿಸಿದರು. ನಿರ್ದೇಶಕರು ಹುಬ್ಬು ಗಂಟಿಕ್ಕಿದರು.

"ಇವರನ್ನ ಗೇಟ್ ಹತ್ರ ಭಿಕ್ಷೆಗೆ ಕೂರ್ಸಮ್ಮ. ಕುಂಟೋ ಡಾಕ್ಟರನ್ನ ಜನ ನಂಬ್ತಾರಾ?"

"ತೋರಿಸ್ದೇ ಇದ್ರೆ ಹೇಗೆ ನಂಬ್ತಾರೆ ಸಾರ್? ಭಿಕ್ಷೆಗೆ ಮಾತ್ರ ನಾನು ಕೂರ್ಸಲ್ಲ."

ರಿಪೇರಿಯವರೇ ಮೆಲ್ಲಗೆ, "ನನ್ನಿಂದ ನಿನ್ ಕೆಲಸ ಹೋಗೋದು ಬೇಡ ತಾಯಿ, ಕೂತ್ಕೋತೀನಿ ಬಿಡು," ಎಂದರು. ಗುಂಪಿನಕ್ಕ ಕೋಟು ಮಡಿಸಿ ಚೀಲಕ್ಕೆ ಹಾಕಿ ಅವರನ್ನು ಕರೆದುಕೊಂಡು ಹೊರಟುಬಂದರು. ಕೆಲಸ ಹೋಯಿತು. ಕೆಲವು ತಿಂಗಳು ಬಟ್ಟೆ ಇಸ್ತ್ರಿ ಮಾಡಿ ಸಂಸಾರ ದೂಡಿದರು. "ನಮ್ಮನೆಯವರು ಬೈಲಿಲ್ಲ. 'ಇಸ್ತ್ರಿಪೆಟ್ಟಿಗೆಯಾದ್ರೂ ನಿನ್ ಮಾತು ಕೇಳತ್ತೆ ಬಿಡು' ಅಂದ್ರು," ಎಂದು ನಗುತ್ತಾರೆ. ರಾತ್ರಿ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತದ್ದನ್ನೂ ಮುಚ್ಚಿಡುವುದಿಲ್ಲ.

ಸ್ಟುಡಿಯೊದಲ್ಲಿ ಹೊಸದಾಗಿ ಬಂದ ಗುಂಪು ಸಾವಿನ ದೃಶ್ಯದಲ್ಲೂ ಕ್ಯಾಮೆರಾ ನೋಡಿ ಹಲ್ಲು ಕಿರಿಯುತ್ತಿತ್ತಂತೆ. ಕೊನೆಗೆ ನಿರ್ದೇಶಕರೇ ಫೋನ್ ಮಾಡಿದರು. "ಬರ್ತೀನಿ ಸಾರ್. ಡಾಕ್ಟರೂ ಬರ್ತಾರೆ," ಎಂದರು ಗುಂಪಿನಕ್ಕ. ಆ ಕಡೆಯವರು ಏನೋ ಗೊಣಗಿದರು. ಆಮೇಲೆ, "ಸರಿ, ಕರ್ಕೊಂಡು ಬಾರಮ್ಮ."

ಬಿಳಿ ಕೋಟಿನಲ್ಲಿ, ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡು, ಊರುಗೋಲು ಊರುತ್ತ ಅವರು ವಾರ್ಡಿನ ಮುಂದೆ ಹಾದುಹೋದದ್ದು ಟೀವಿಯಲ್ಲಿ ಬಂತು. ರೆಪ್ಪೆ ಮಿಟುಕಿಸಿದ್ದರೆ ತಪ್ಪಿಹೋಗುತ್ತಿತ್ತು, ಅಷ್ಟೇ ಹೊತ್ತು. ಆದರೆ ಅವರ ಬೀದಿಯಲ್ಲಿ ಯಾರೂ ರೆಪ್ಪೆ ಮಿಟುಕಿಸಿರಲಿಲ್ಲ. ಅಲ್ಲಿವರೆಗೆ 'ಕುಂಟಣ್ಣ' ಎನ್ನುತ್ತಿದ್ದ ಟೀ ಅಂಗಡಿಯವನು ಮರುದಿನ, "ಏನ್ ಡಾಕ್ಟ್ರೇ, ಸ್ಟ್ರಾಂಗಾ, ಲೈಟಾ?" ಎಂದ.

"ತಮಾಷೆಗೇ ಕರೀತಾರೆ, ಕರೀಲಿ," ಎನ್ನುತ್ತಾರೆ ಗಡಿಯಾರ ರಿಪೇರಿಯವರು, ಇಂದಿನ ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ಹಳೇ ಹೆಸರು ಬಿಟ್ಟೋಯ್ತಲ್ಲ."

ಸ್ಟುಡಿಯೊ ಗೇಟು ತೆರೆಯುತ್ತದೆ. ಗುಂಪಿನಕ್ಕ ಚೀಲ ಹೆಗಲಿಗೇರಿಸುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ ಸ್ವಲ್ಪ ನಾಚಿಕೊಳ್ಳುತ್ತಾರೆ.

"ನಮ್ ಡಾಕ್ಟರಿಗೆ ಒಂದೇ ಒಂದು ಮಾತು ಕೊಡಿಸ್ಬೇಕು. ಉದ್ದದ್ದೇನೂ ಬೇಡ. ಹಾಸಿಗೆ ಪಕ್ಕ ಬಗ್ಗಿ, 'ಎಲ್ಲಿ ನೋವಾಗ್ತಿದೆ?' ಅಂತ ಕೇಳಿದ್ರೆ ಸಾಕು."